‘ಇಂಪ್ಯುನಿಟಿ’ಗೆ ‘ದಂಡಮುಕ್ತಿ’ ಸರೀನಾ? ‘ದಕ್ಕು’ ನಡೆಯುತ್ತಾ?

ಎಲ್ಲರಿಗೂ ನಮಸ್ಕಾರ. ಹಾಸನದಿಂದ ಒಂದು ಪದದ ತಕರಾರು.

ನವೆಂಬರ್ 2ಕ್ಕೆ, ಅಂದರೆ ರಾಜ್ಯೋತ್ಸವದ ಮಾರನೇ ದಿನ, ಇಲ್ಲಿನ ಕೆಲವು ವರದಿಗಾರ ಗೆಳೆಯರು ಒಂದು ಸಣ್ಣ ಸಭೆ ಇಟ್ಟುಕೊಂಡಿದ್ದಾರೆ. ಪತ್ರಕರ್ತರ ಮೇಲೆ ಅಪರಾಧ ಮಾಡಿದವರು ಶಿಕ್ಷೆಯಿಂದ ತಪ್ಪಿಸಿಕೊಳ್ಳುವುದು ನಿಲ್ಲಲಿ ಅಂತ ವಿಶ್ವಸಂಸ್ಥೆ 2013ರಲ್ಲಿ ಗೊತ್ತು ಮಾಡಿದ ದಿನ ಅದು. ಆ ವರ್ಷ ಅದೇ ತಾರೀಖು ಮಾಲಿ ದೇಶದಲ್ಲಿ ಇಬ್ಬರು ಫ್ರೆಂಚ್ ರೇಡಿಯೊ ಪತ್ರಕರ್ತರನ್ನು ಹೊತ್ತೊಯ್ದು ಕೊಂದಿದ್ದರು. ದಿನದ ಇಂಗ್ಲಿಷ್ ಹೆಸರಿನಲ್ಲಿ ‘ಇಂಪ್ಯುನಿಟಿ’ ಅಂತ ಒಂದು ಪದ ಇದೆ. ತಪ್ಪು ಮಾಡಿದವನು ಶಿಕ್ಷೆಯಿಲ್ಲದೆ ಆರಾಮಾಗಿ ಓಡಾಡಿಕೊಂಡಿರುವುದು ಅಂತ ಅರ್ಥ. ಅದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಿತ್ತು.

ಮೊದಲು ‘ದಂಡಮುಕ್ತಿ’ ಅಂತ ಬರೆದೆ. ನೋಡೋಕೆ ಗಂಭೀರವಾಗೇ ಇತ್ತು. ಬಿ.ಎಂ. ರಸ್ತೆಯ ಫ್ಲೆಕ್ಸ್ ಅಂಗಡಿಯಲ್ಲಿ ಚೀಟಿ ಕೊಟ್ಟರೆ, ಟೈಪ್ ಮಾಡುತ್ತಿದ್ದ ಹುಡುಗ ಕೈ ನಿಲ್ಲಿಸಿ, ‘ಮತ್ತೆ ಫಿಫ್ಟಿ ಪರ್ಸೆಂಟ್ ಬಿಟ್ರಾ ಸಾರ್?’ ಅಂದ. 2023ರಲ್ಲಿ ಟ್ರಾಫಿಕ್ ದಂಡ ಅರ್ಧ ಕಟ್ಟಿದರೆ ಸಾಕು ಅಂತ ಸರ್ಕಾರ ಹೇಳಿತ್ತಲ್ಲ, ಅದು ಅವನ ತಲೆಯಲ್ಲಿತ್ತು. ಅವನದೇನೂ ತಪ್ಪಿಲ್ಲ. ನಮ್ಮ ಬಾಯಲ್ಲಿ ದಂಡ ಅಂದರೆ ಫೈನು, ಇಲ್ಲಾ ‘ದುಡ್ಡು ದಂಡ’. ಅದಕ್ಕೆ ಮುಕ್ತಿ ಸಿಕ್ಕಿದರೆ ಒಳ್ಳೇದೇ ಅಲ್ವಾ! ಚೀಟಿ ವಾಪಸ್ ತಂದೆ.

ಪದ ಕೊನೆಗೆ ಸಿಕ್ಕಿದ್ದು ಆ ಗೆಳೆಯರಲ್ಲೇ ಒಬ್ಬನ ಬಾಯಲ್ಲಿ. ಅವನು ಹೋಬಳಿ ವರದಿಗಾರ. ಹೊಳೆ ದಂಡೆಯಲ್ಲಿ ಮರಳು ಲಾರಿ ಫೋಟೊ ತೆಗೆಯಲು ಹೋದಾಗ ಮೊಬೈಲ್ ಕಿತ್ತುಕೊಂಡು ನೀರಿಗೆ ಎಸೆದಿದ್ದರು, ಎರಡು ಬಾರಿಸಿಯೂ ಇದ್ದರು. ದೂರು ಕೊಡಲು ಹೋದರೆ ಎನ್‌ಸಿಆರ್ ಕೊಟ್ಟು ಕಳಿಸಿದರು. ಕೋರ್ಟಿನ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲದ ಸಣ್ಣ ಪ್ರಕರಣ ಅಂತ ಬರೆದುಕೊಡುವ ಹಾಳೆ ಅದು. ಅದರಲ್ಲಿ ‘ಬಾಯಿಮಾತಿನ ಜಗಳ’ ಅಂತಷ್ಟೇ ಇತ್ತು. ಏಟೂ ಇಲ್ಲ, ಮೊಬೈಲೂ ಇಲ್ಲ. ಆ ಹಾಳೆ ಮಡಚಿ ಜೇಬಿಗಿಡುತ್ತಾ ಅವನು ಹೇಳಿದ್ದು ಇಷ್ಟು: ‘ಹೊಡೆದು ದಕ್ಕಿಸ್ಕಂಡ್ರು ಕಣಣ್ಣ.’

ದಕ್ಕುವುದು ಅಂದರೆ ಕೈಗೆ ಸಿಗುವುದು, ಹೊಟ್ಟೆಯಲ್ಲಿ ನಿಲ್ಲುವುದು ಎರಡೂ. ‘ಮಗುವಿಗೆ ಹಾಲು ದಕ್ತಿಲ್ಲ’ ಅಂತೀವಿ, ‘ಲಂಚದ ದುಡ್ಡು ದಕ್ಕಲ್ಲ’ ಅಂತಲೂ ಅಂತೀವಿ. ಇಲ್ಲಿ ಶಿಕ್ಷೆ ಅನ್ನೋ ಮಾತೇ ಇಲ್ಲ, ಆದರೂ ವಿಷಯ ಪೂರ್ತಿ ಇದೆ. 2006ರಿಂದೀಚೆಗೆ ನಡೆದ ಪತ್ರಕರ್ತರ ಕೊಲೆಗಳಲ್ಲಿ ನೂರಕ್ಕೆ 85 ಇನ್ನೂ ಇತ್ಯರ್ಥ ಆಗಿಲ್ಲ ಅಂತ ಯುನೆಸ್ಕೊ 2024ರಲ್ಲಿ ಹೇಳಿತು. ಅಂದರೆ 85 ದಕ್ಕಿವೆ. ಆದರೆ ನಾಮಪದ ಮಾಡೋದು ಹೇಗೆ? ‘ದಕ್ಕಿಸಿಕೊಳ್ಳುವಿಕೆ’ ಅಂತ ಸಭೆಯಲ್ಲಿ ಯಾರು ಹೇಳುತ್ತಾರೆ! ‘ಹೇಳೋರಿಲ್ಲ ಕೇಳೋರಿಲ್ಲ’ ಅಂತ ಹಾಕಿ ಅಂದರು ಒಬ್ಬ ಮೇಷ್ಟ್ರು. ಅದು ಊರು ಕೆಟ್ಟಿದೆ ಅನ್ನೋಕೆ ಸರಿ, ಒಂದು ಗೊತ್ತಾದ ಅಪರಾಧಕ್ಕೆ ಹೊಂದಲ್ಲ.

ಇನ್ನೊಂದು ಸಣ್ಣ ಅನುಮಾನ. ಸುರಕ್ಷತೆ, ಭದ್ರತೆ, ರಕ್ಷಣೆ ಮೂರನ್ನೂ ಪತ್ರಿಕೆಗಳು ಒಂದೇ ಅನ್ನೋ ಹಾಗೆ ಬಳಸುತ್ತವೆ. ಕೊಲಂಬಿಯಾದಲ್ಲಿ ಬೆದರಿಕೆ ಇರುವ ಪತ್ರಕರ್ತರಿಗೆ ಸರ್ಕಾರವೇ ಅಂಗರಕ್ಷಕರನ್ನೂ ಗುಂಡು ತಾಗದ ಕಾರನ್ನೂ ಕೊಡುತ್ತದೆ. ಇದಕ್ಕೆ ನಾನು ಭದ್ರತೆ ಅಂತೀನಿ. ಮಹಾರಾಷ್ಟ್ರ 2017ರಲ್ಲಿ ಮಾಡಿದ ಕಾನೂನು ಬೇರೆ ಥರ. ಮಾಧ್ಯಮದವರ ಮೇಲೆ ಕೈ ಮಾಡಿದರೆ 3 ವರ್ಷದವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದು ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ಕೋರ್ಟನ್ನು ಕೇಳದೆ ತಾವೇ ಕೇಸು ದಾಖಲಿಸಿ ತನಿಖೆ ಮಾಡಬಹುದಾದದ್ದು, ಹಾಗಾಗಿ ಎನ್‌ಸಿಆರ್ ಬರೆದು ಕೈ ತೊಳೆದುಕೊಳ್ಳುವ ಹಾಗಿಲ್ಲ. ಡಿವೈಎಸ್ಪಿಗಿಂತ ಕೆಳಗಿನವರು ತನಿಖೆ ಮಾಡುವ ಹಾಗೂ ಇಲ್ಲ. ಇದು ರಕ್ಷಣೆ. ನಮ್ಮ ಹೋಬಳಿ ಗೆಳೆಯನಿಗೆ ಬೇಕಿದ್ದದ್ದೂ ಇದೇ, ಗನ್‌ಮ್ಯಾನ್ ಅಲ್ಲ. ಸುರಕ್ಷತೆ ಅಂದಾಗ ನನಗೆ ಯಾಕೋ ಹೆಲ್ಮೆಟ್ಟು, ಗ್ಯಾಸ್ ಸಿಲಿಂಡರ್ರೇ ಕಣ್ಣ ಮುಂದೆ ಬರುತ್ತವೆ. ನಿಮಗೂ ಹೀಗೇನಾ?

ಸದ್ಯಕ್ಕೆ ಫ್ಲೆಕ್ಸಿಗೆ ‘ಪತ್ರಕರ್ತರನ್ನು ಹೊಡೆದದ್ದು ದಕ್ಕಬಾರದು’ ಅಂತ ಬರೆದುಕೊಂಡಿದ್ದೇನೆ. ಧಾರವಾಡ, ಕಲಬುರಗಿ, ಕರಾವಳಿ ಕಡೆಯವರಿಗೆ ಇದು ಸಲೀಸಾಗಿ ಅರ್ಥ ಆಗುತ್ತಾ? ನಿಮ್ಮ ಕಡೆ ಬೇರೆ ಮಾತಿದ್ದರೆ ತಿಳಿಸಿ. ಶುಕ್ರವಾರದೊಳಗೆ ಆ ಹುಡುಗನಿಗೆ ಚೀಟಿ ಕೊಡಬೇಕು.