ಹೋಪಿ ಜನರ ಹಾವಿನ ಕುಣಿತವನ್ನು ಶಾಲೆಯ ವೇದಿಕೆಯಲ್ಲಿ ಆಡಿಸಬಹುದೆ?

ಕಡವಾಡದ ಮಾಸ್ತರ:
ನಾನು ಕಾರವಾರದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಈ ಸಲದ ಸ್ನೇಹ ಸಮ್ಮೇಳನಕ್ಕೆ ಬೇರೆ ಬೇರೆ ದೇಶಗಳ ಕುಣಿತಗಳನ್ನು ಆಡಿಸುವ ಯೋಚನೆಯಿದ್ದು, ಒಂದು ಗುಂಪಿನ ಮಕ್ಕಳು ಅಮೆರಿಕದ ಅರಿಜೋನಾ ರಾಜ್ಯದ ಮೂಲನಿವಾಸಿಗಳಾದ ಹೋಪಿ ಜನರ ಹಾವಿನ ಕುಣಿತವನ್ನು ಆರಿಸಿಕೊಂಡಿದ್ದಾರೆ. ಹಾವನ್ನು ಬಾಯಲ್ಲಿ ಹಿಡಿದು ಕುಣಿಯುವ ಹಳೆಯ ಚಿತ್ರವೊಂದನ್ನು ನೋಡಿ ಮರುಳಾಗಿರುವ ಅವರು ರಬ್ಬರ್ ಹಾವುಗಳನ್ನೂ ಹುಡುಕತೊಡಗಿದ್ದಾರೆ. ಇದು ನಮ್ಮ ನಾಗಾರಾಧನೆಯಂಥದ್ದೇ ಎಂದು ಅವರಿಗೆ ವಿವರಿಸಬಹುದೆ? ಬಲ್ಲವರು ತಿಳಿಸಬೇಕು.

ಶಿರಸಿಯ ಓದುಗ:
ನಾಗಾರಾಧನೆಯಂಥದ್ದೇ ಎಂದು ಹೇಳಿದರೆ ಮಕ್ಕಳ ದಾರಿ ತಪ್ಪುತ್ತದೆ, ಮಾಸ್ತರೇ. ನಾವು ನಾಗಪ್ಪನಿಗೆ ಹಾಲೆರೆದು ವರ ಬೇಡುತ್ತೇವೆ. ಅಲ್ಲಿ ಹಾವು ನೆಲದಡಿಯ ಲೋಕಕ್ಕೆ ಮಳೆಯ ಬೇಡಿಕೆಯನ್ನು ಒಯ್ಯುವ ದೂತ. ಹೋಪಿ ಊರುಗಳಿರುವುದು ಕಡಿದಾದ ಚಪ್ಪಟೆ ಬೆಟ್ಟಗಳ ಮೇಲೆ. ವರ್ಷವಿಡೀ ಬೀಳುವ ಮಳೆ ಸುಮಾರು 250 ಮಿಲಿಮೀಟರ್ ಮಾತ್ರ. ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳಲ್ಲಿ ಅಷ್ಟು ನೀರು ಒಂದೇ ವಾರದಲ್ಲಿ ಸುರಿದುಹೋಗುತ್ತದೆ. ಅಂಥ ನೆಲದಲ್ಲಿ ಕೋಲಿನಿಂದ ಆಳದ ಕುಳಿ ತೋಡಿ ಮೆಕ್ಕೆಜೋಳ ಬಿತ್ತಿ ಬದುಕುವ ಜನ ಅವರು.

ಆಚರಣೆ ನಡೆಯುವುದು ಆಗಸ್ಟ್‌ನಲ್ಲಿ, ಅದೂ ಒಂದೊಂದು ಊರಿನಲ್ಲಿ ವರ್ಷ ಬಿಟ್ಟು ವರ್ಷ. ನಡುವಿನ ವರ್ಷ ಕೊಳಲಿನ ಆಚರಣೆಯ ಸರದಿ. ‘ಹಾವಿನ ಕೂಟ’ ಮತ್ತು ‘ಜಿಂಕೆಯ ಕೂಟ’ ಎಂಬ ಧಾರ್ಮಿಕ ಸಂಘಗಳವರು ಒಂಬತ್ತು ದಿನ ವ್ರತದಲ್ಲಿದ್ದು, ನಾಲ್ಕು ದಿಕ್ಕುಗಳಿಂದ ತಂದ ಹಾವುಗಳನ್ನು ‘ಕಿವಾ’ ಎಂಬ ನೆಲದಡಿಯ ಕೋಣೆಯಲ್ಲಿ ಇರಿಸಿ, ಮೀಯಿಸಿ, ಕೊನೆಯ ಸಂಜೆ ಮಾತ್ರ ಊರ ನಡುವಿನ ಅಂಗಳಕ್ಕೆ ತರುತ್ತಾರೆ. ಅಂಗಳದಲ್ಲಿ ಹಸಿರು ಟೊಂಗೆಗಳ ಒಂದು ಸಣ್ಣ ಗೂಡಿರುತ್ತದೆ. ಅದರ ಮುಂದೆ ಹೂತ ಹಲಗೆಯನ್ನು ಕುಣಿಯುವವರು ಕಾಲಿನಿಂದ ಗುದ್ದುತ್ತಾರೆ, ಕೆಳಗಿನ ಲೋಕಕ್ಕೆ ಸದ್ದು ಮುಟ್ಟಲಿ ಎಂದು. ಒಬ್ಬನು ಹಾವನ್ನು ಬಾಯಲ್ಲಿ ಹಿಡಿದು ಕುಣಿದರೆ, ಜೊತೆಗಾರನು ಗರಿಗಳ ಕೋಲನ್ನು ಆಡಿಸುತ್ತ ಅದರ ಗಮನವನ್ನು ಬೇರೆಡೆ ಸೆಳೆಯುತ್ತಾನೆ. ವಿಷದ ಹಾವುಗಳೂ ಇರುತ್ತವೆ. ಕೊನೆಗೆ ಎಲ್ಲವನ್ನೂ ಮೆಕ್ಕೆಜೋಳದ ಹಿಟ್ಟಿನ ವೃತ್ತದೊಳಗೆ ಹಾಕಿ, ಓಡುತ್ತ ಒಯ್ದು, ನಾಲ್ಕು ದಿಕ್ಕಿಗೂ ಬಿಟ್ಟುಬರುತ್ತಾರೆ. ನನ್ನ ತಿಳಿವಳಿಕೆಯಲ್ಲಿ ಇಡೀ ಆಚರಣೆಯ ಜೀವ ಇರುವುದು ಈ ಬಿಡುಗಡೆಯಲ್ಲಿ. ಚಿತ್ರದಲ್ಲಿ ಕಾಣುವುದು ಮಾತ್ರ ಬಾಯಲ್ಲಿರುವ ಹಾವು.

ಅಂಕೋಲೆಯವಳು:
ವೇದಿಕೆಯ ಪ್ರಶ್ನೆಗೆ ನನ್ನ ಉತ್ತರ, ಬೇಡ ಎಂದೇ. ಅರಿಜೋನಾದ ಪ್ರೆಸ್ಕಾಟ್ ಪಟ್ಟಣದ ಬಿಳಿಯ ವ್ಯಾಪಾರಸ್ಥರು ಮೊದಲಾದವರು ‘ಸ್ಮೋಕಿ’ ಎಂಬ ಹೆಸರಿನಲ್ಲಿ ಗುಂಪು ಕಟ್ಟಿಕೊಂಡು 1921ರಿಂದ ಈ ಕುಣಿತವನ್ನು ಅಣಕು ಮಾಡಿ ಆಡುತ್ತಿದ್ದರು. ಹೋಪಿ ಜನ ಪ್ರತಿಭಟಿಸಿದ ಮೇಲೆ 1990ರಲ್ಲಿ ಅದು ನಿಂತಿತು. ಅದಕ್ಕೂ ಮೊದಲು, 1913ರಲ್ಲಿ ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ವಾಲ್ಪಿ ಎಂಬ ಊರಿಗೆ ಬಂದು ನಿಜವಾದ ಕುಣಿತವನ್ನೇ ನೋಡಿದ್ದರು. ಪ್ರವಾಸಿಗಳ ಕ್ಯಾಮೆರಾ ಕಾಟದಿಂದ ಬೇಸತ್ತ ಊರುಗಳು ಛಾಯಾಚಿತ್ರವನ್ನು ನಿಷೇಧಿಸಿದವು. ಚಿತ್ರ ಬರೆದುಕೊಳ್ಳುವುದಕ್ಕೂ ಈಗ ಅಲ್ಲಿ ಅವಕಾಶವಿಲ್ಲ. ಹಾಗಾಗಿ ಮಕ್ಕಳು ನೋಡಿದ್ದು ನೂರು ವರ್ಷದ ಹಿಂದಿನ ಚಿತ್ರವಿರಬೇಕು.

ನಮ್ಮ ಕಡೆಯ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತವೂ ವೇದಿಕೆ ಏರಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಏರಿದೆ, ಆದರೆ ತುರಾಯಿ ಕಟ್ಟಿಕೊಂಡು ಏರಿದವರು ಹಾಲಕ್ಕಿಗಳೇ. ಎಲ್ಲಿ, ಎಷ್ಟು ತೋರಿಸಬೇಕು ಎಂಬುದು ಅವರ ತೀರ್ಮಾನ. ಹೋಪಿಗಳ ತೀರ್ಮಾನವನ್ನು ಕಡವಾಡದಲ್ಲಿ ಕುಳಿತು ನಾವು ಮಾಡಲಾಗದು.

ಕಡವಾಡದ ಮಾಸ್ತರ:
ಇಬ್ಬರಿಗೂ ಕೃತಜ್ಞತೆಗಳು. ರಬ್ಬರ್ ಹಾವಿನ ಆಸೆ ಬಿಡಿಸುವುದು ಸುಲಭವಾಗಲಿಲ್ಲ. ಕುಣಿತದ ಬದಲು ನಕ್ಷೆ, ಜೋಳದ ತೆನೆಗಳು ಮತ್ತು ಮಳೆಯ ಲೆಕ್ಕವನ್ನಿಟ್ಟು ಪ್ರದರ್ಶನ ಮಾಡುತ್ತೇವೆ. ಒಬ್ಬ ಹುಡುಗಿ ಮಾತ್ರ, ಹಾವು ಬಿಟ್ಟ ಮೇಲೆ ಮಳೆ ನಿಜವಾಗಿಯೂ ಬರುತ್ತದೆಯೇ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಶಿರಸಿಯ ಓದುಗ:
ಅರಿಜೋನಾದಲ್ಲಿಯೂ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಗುಡುಗಿನ ಮಳೆಗಾಲ, ಅದನ್ನು ಅಲ್ಲಿಯವರು ಮಾನ್ಸೂನ್ ಎಂದೇ ಕರೆಯುತ್ತಾರೆ. ಮೋಡ ಮೇಲೆ ಬಂದರೂ ಎಲ್ಲ ಹೊಲದ ಮೇಲೂ ಸುರಿಯುವುದಿಲ್ಲ. ಜೋಳ ತೆನೆ ಕಟ್ಟುವ ಹೊತ್ತಿಗೆ ತಮ್ಮ ಹೊಲದ ಮೇಲೂ ಸುರಿಯಲಿ ಎಂಬುದೇ ಹಾವಿನ ಕೈಯಲ್ಲಿ ಕಳಿಸುವ ಮಾತು ಎಂದು ಆ ಹುಡುಗಿಗೆ ಹೇಳಿ.