ಯುದ್ಧ ನಡೆಯುವಾಗ ಇಷ್ಟು ಶಾಂತ ಚಿತ್ರ ಯಾಕೆ? ರವಿಲಿಯಸ್ ಅವರ 'ಟ್ರೇನ್ ಲ್ಯಾಂಡ್‌ಸ್ಕೇಪ್' ಬಗ್ಗೆ

ಬಣ್ಣದ_ಹುಚ್ಚು:
ಇಂಗ್ಲಿಷ್ ಕಲಾವಿದ ಎರಿಕ್ ರವಿಲಿಯಸ್ ಅವರ 'ಟ್ರೇನ್ ಲ್ಯಾಂಡ್‌ಸ್ಕೇಪ್' ಎಂಬ ಈ ಜಲವರ್ಣ ಚಿತ್ರ 1939-40ರ ಹೊತ್ತಿನದು. ಮೂರನೇ ದರ್ಜೆಯ ರೈಲು ಡಬ್ಬಿ, ಒಳಗೆ ಒಬ್ಬರೂ ಇಲ್ಲ. ಕಿಟಕಿಯಾಚೆ ವಿಲ್ಟ್‌ಶೈರ್‌ನ ಗುಡ್ಡ, ಅದರ ಮೈಮೇಲೆ ವೆಸ್ಟ್‌ಬರಿಯ ಬಿಳಿ ಕುದುರೆ, ಅಂದರೆ ಹುಲ್ಲು ಕೆತ್ತಿ ಮಾಡಿದ ದೊಡ್ಡ ಆಕೃತಿ. ಅಷ್ಟೇ. ಆಗಲೇ ಎರಡನೇ ಮಹಾಯುದ್ಧ ಶುರುವಾಗಿತ್ತು, ಆದರೆ ಚಿತ್ರದಲ್ಲಿ ಅದರ ಸುಳಿವೇ ಇಲ್ಲ. ಇದು ಯುದ್ಧಕ್ಕೆ ಬೆನ್ನು ತಿರುಗಿಸಿದ ಹಾಗಲ್ವಾ? ಆದರೂ ಮತ್ತೆ ಮತ್ತೆ ನೋಡಬೇಕು ಅನ್ನಿಸುತ್ತಿದೆ, ಯಾಕೆ ಅಂತ ಯಾರಾದರೂ ಹೇಳಿ.

ಗುಡ್ಡದ_ದಾರಿ:
ಬೆನ್ನು ತಿರುಗಿಸಿದ್ದು ಅಂದರೆ ನಾನು ಒಪ್ಪುವುದಿಲ್ಲ. ಈ ಹಳ್ಳಿ, ಈ ಗುಡ್ಡ, ಈ ಚರ್ಚು ನಾಳೆ ಉಳಿಯುತ್ತವೋ ಇಲ್ಲವೋ ಅನ್ನುವ ಭಯ ಆಗ ನಿಜವಾಗಿಯೂ ಇತ್ತು. ಅದಕ್ಕೇ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಆಗಿನ ನಿರ್ದೇಶಕ ಕೆನೆತ್ ಕ್ಲಾರ್ಕ್ ಮುಂದೆ ನಿಂತು, ಇಂಥ ಜಾಗಗಳನ್ನು ಕಲಾವಿದರಿಂದ ಬರೆಸಿಡುವ 'ರೆಕಾರ್ಡಿಂಗ್ ಬ್ರಿಟನ್' ಯೋಜನೆ ಶುರು ಮಾಡಿದರು, ಪಿಲ್‌ಗ್ರಿಮ್ ಟ್ರಸ್ಟ್ ದುಡ್ಡು ಕೊಟ್ಟಿತು. 1940ರಿಂದ 1943ರವರೆಗೆ 1,500ಕ್ಕೂ ಹೆಚ್ಚು ಚಿತ್ರಗಳು ಬಂದವು. ರವಿಲಿಯಸ್ ಹಾದಿ ಬೇರೆ, ಅವರು ಸರ್ಕಾರ ನೇಮಿಸಿದ ಯುದ್ಧ ಕಲಾವಿದ. ಯುದ್ಧನೌಕೆ, ವಿಮಾನ ಎಲ್ಲ ಬರೆದಿದ್ದಾರೆ. 1942ರ ಸೆಪ್ಟೆಂಬರ್‌ನಲ್ಲಿ ಐಸ್‌ಲ್ಯಾಂಡ್ ಹತ್ತಿರ, ಕಾಣೆಯಾದ ವಿಮಾನ ಹುಡುಕಲು ಹೊರಟ ವಿಮಾನದಲ್ಲಿ ಹೋದವರು ವಾಪಸ್ ಬರಲೇ ಇಲ್ಲ. ಆಗ ಅವರಿಗೆ 39 ವರ್ಷ. ಅಂಥವರನ್ನು ಯುದ್ಧ ನೋಡದವರು ಅನ್ನುವುದು ಸರಿಯಲ್ಲ.

ಸುಣ್ಣದ_ಕುದುರೆ:
ಒಂದು ಮಾತು ಸೇರಿಸುತ್ತೇನೆ. ಈ ಕುದುರೆಗಳು ಹುಲ್ಲಿನ ಗುಡ್ಡದ ಮೇಲೆ ಬೆಳ್ಳಗೆ ಎದ್ದು ಕಾಣುತ್ತವೆ, ಆಕಾಶದಿಂದಲೂ. ಜರ್ಮನ್ ವಿಮಾನಗಳಿಗೆ ದಾರಿ ಗುರುತು ಆಗಬಾರದು ಅಂತ ಅಫಿಂಗ್ಟನ್‌ನ ಹಳೆಯ ಕುದುರೆಯನ್ನು ಯುದ್ಧ ಕಾಲದಲ್ಲಿ ಮುಚ್ಚಿಟ್ಟಿದ್ದರು. ಇದು ಗೊತ್ತಾದ ಮೇಲೆ ಆ ಕಿಟಕಿಯನ್ನು ಇನ್ನೊಮ್ಮೆ ನೋಡಿ. ಇನ್ನು ರವಿಲಿಯಸ್ ಅವರದೇ 'ವಿಲ್ಮಿಂಗ್ಟನ್ ಜೈಂಟ್' ಚಿತ್ರದಲ್ಲಿ ಗುಡ್ಡದ ಮೇಲಿನ ದೊಡ್ಡ ಮನುಷ್ಯಾಕೃತಿಗೂ ನಮಗೂ ನಡುವೆ ತಂತಿ ಬೇಲಿ ಬರುತ್ತದೆ. ನನಗಂತೂ ಅದು ಸುಮ್ನೆ ಹಾಕಿದ ಬೇಲಿ ಅನ್ನಿಸುವುದಿಲ್ಲ.

ಬಣ್ಣದ_ಹುಚ್ಚು:
ಬೇಲಿ ಈಗಷ್ಟೇ ನೋಡಿದೆ, ನೀವು ಹೇಳಿದ್ದು ಸರಿ. ಆದರೆ ಆ ಬೆಳಕು ಹೇಗೆ ತಂದರು? ನಾನು ಹಸಿರು ಬಳಿದರೆ ಗುಡ್ಡವೆಲ್ಲ ಮಂಕಾಗಿಬಿಡುತ್ತದೆ.

ಒಣ_ಕುಂಚ:
ಬಹುಶಃ ನೀವು ನೀರು ಜಾಸ್ತಿ ಹಾಕುತ್ತಿದ್ದೀರಿ. ರವಿಲಿಯಸ್ ಮರದ ಅಚ್ಚು ಕೆತ್ತುತ್ತಿದ್ದವರು, ಆ ಕೈ ಕುಂಚದಲ್ಲೂ ಕಾಣುತ್ತದೆ. ಬಣ್ಣವನ್ನು ಒಟ್ಟಿಗೆ ಹರಡದೆ ಒಣಗಿದ ಕುಂಚದಿಂದ ಸಣ್ಣ ಸಣ್ಣ ಗೆರೆ ಎಳೆಯುತ್ತಾರೆ, ಗೆರೆಗಳ ನಡುವೆ ಕಾಗದದ ಬಿಳಿ ಹಾಗೇ ಉಳಿಯುತ್ತದೆ. ಬೆಳಕು ಬರುವುದು ಅಲ್ಲಿಂದ. ಸೀಟಿನ ಬಟ್ಟೆಯ ವಿನ್ಯಾಸವನ್ನು ದೊಡ್ಡದು ಮಾಡಿ ನೋಡಿ, ಗುಡ್ಡಕ್ಕೆ ಕೊಟ್ಟಷ್ಟೇ ಗಮನ ಅದಕ್ಕೂ ಕೊಟ್ಟಿದ್ದಾರೆ. ಗುಡ್ಡ ಬರೆಯುವ ಮೊದಲು ಕಾಗದದ ಚೂರಿನ ಮೇಲೆ ಬರೀ ಗೆರೆಗಳನ್ನು ಎಳೆದು ಅಭ್ಯಾಸ ಮಾಡಿ, ಹಸಿರಿಗೆ ಸ್ವಲ್ಪ ಕಂದು ಬೆರೆಸಿ. 'ಟ್ರೇನ್ ಲ್ಯಾಂಡ್‌ಸ್ಕೇಪ್' ಮೂಲ ಚಿತ್ರ ಸ್ಕಾಟ್ಲೆಂಡಿನ ಅಬರ್ಡೀನ್ ಆರ್ಟ್ ಗ್ಯಾಲರಿಯಲ್ಲಿದೆ. 'ರೆಕಾರ್ಡಿಂಗ್ ಬ್ರಿಟನ್' ಚಿತ್ರಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ, ಅವರ ತಾಣದಲ್ಲೂ ನೋಡಬಹುದು. ಆ ಯೋಜನೆಯ ಕಲಾವಿದೆ ಬಾರ್ಬರಾ ಜೋನ್ಸ್ ಅವರ ಚಿತ್ರಗಳಿಂದ ಶುರು ಮಾಡಿ.