9.8 ಫೆರುಲ್‌ಗೆ 9 ಮಿ.ಮೀ. ಟಿಪ್ ಹಾಕಬಹುದಾ?

ಮೈಸೂರು_ಬ್ರೌನ್

ಎಲ್ಲರಿಗೂ ನಮಸ್ಕಾರ. ಐದು ವರ್ಷ ಪೂಲ್ ಆಡಿ ಹೋದ ದೀಪಾವಳಿಯಿಂದ ಸ್ನೂಕರ್‌ಗೆ ಬಂದಿದ್ದೀನಿ. ವಾರಕ್ಕೆ ಮೂರು ಸಂಜೆ ಆಡ್ತೀನಿ. ಸೆಕೆಂಡ್ ಹ್ಯಾಂಡ್ ಆಶ್ ಮರದ ಕ್ಯೂ (ಹೊಡೆಯೋ ಕೋಲು) ತಗೊಂಡೆ, ತುದಿಗೆ ಹಿತ್ತಾಳೆ ಫೆರುಲ್ (ಬಳೆ) ಇದೆ. ವರ್ನಿಯರ್‌ನಲ್ಲಿ ಅಳೆದರೆ 9.8 ಮಿ.ಮೀ. ಬಂತು. ಅದರ ಮೇಲಿರೋ ಟಿಪ್ (ಚೆಂಡಿಗೆ ತಾಗೋ ತುಣುಕು) ಹಳೇದು, ಚಪ್ಪಟೆಯಾಗಿದೆ, ಮುಟ್ಟಿದರೆ ಹೊಳಪು ಬಂದ ಚರ್ಮದ ಥರ ಗಟ್ಟಿ.

ಹತ್ತಿರದ ಕೆಂಪು ಚೆಂಡುಗಳು ಬೀಳ್ತವೆ. ದೂರದ್ದು ಯಾವುದೂ ಬೀಳೋಲ್ಲ, ಪಾಕೆಟ್ ಬಾಯಿಗೆ ಬಡಿದು ವಾಪಸ್. ಸ್ಕ್ರೂ (ಬಿಳಿ ಚೆಂಡು ತಾಗಿದ ಮೇಲೆ ಹಿಂದಕ್ಕೆ ಬರೋದು) ಅಂತೂ ಬರೋದೇ ಇಲ್ಲ. ಕ್ಲಬ್‌ನಲ್ಲಿ ಒಬ್ಬರು 9ಕ್ಕೆ ಇಳಿಸು ಅಂದರು, ಇನ್ನೊಬ್ಬರು ಹೊಸಬನಿಗೆ 10.5 ಒಳ್ಳೇದು ಅಂದರು. ನಾನು ಮೊದಲನೆಯವರ ಮಾತು ಕೇಳಿ ಎರಡು 9 ಮಿ.ಮೀ. ಟಿಪ್ ತರಿಸಿಬಿಟ್ಟೆ. ಇವತ್ತು ರಾತ್ರಿ ಅಂಟಿಸಲಾ?

ಕೆಂಪು_15

ನಾನು 9ರಲ್ಲೇ ಆಡೋದು, ಸೈಡ್ (ಚೆಂಡಿನ ಪಕ್ಕಕ್ಕೆ ಹೊಡೆದು ತಿರುಗಿಸೋದು) ಚೆನ್ನಾಗಿ ಹಿಡಿಯುತ್ತೆ. ಹಾಕಿ ನೋಡಿ.

ಹಳೇ_ಮಾರ್ಕರ್

ತಮ್ಮಾ, ಅಂಟಿಸಬೇಡ. ಬೆಂಗಳೂರಿನ ಒಂದು ಕ್ಲಬ್‌ನಲ್ಲಿ 22 ವರ್ಷ ಮಾರ್ಕರ್ ಆಗಿದ್ದೆ. ಬೆಳಿಗ್ಗೆ ಟೇಬಲ್‌ಗೆ ಬ್ರಷ್ ಹಾಕಿ ಇಸ್ತ್ರಿ ಮಾಡೋದು, ಸಂಜೆ ಸ್ಕೋರ್ ಹೇಳೋದು, ನಡುವೆ ಸದಸ್ಯರ ಕ್ಯೂಗಳಿಗೆ ಟಿಪ್ ಕೂರಿಸೋದು. ನೀನು ಕೇಳಿರೋ ಪ್ರಶ್ನೆಯನ್ನು ಎಷ್ಟು ಜನ ನನ್ನ ಕೇಳಿದಾರೋ ಲೆಕ್ಕವಿಲ್ಲ.

ಫೆರುಲ್ ಎಷ್ಟಿದೆಯೋ ಟಿಪ್ ಅಷ್ಟೇ ಇರಬೇಕು. 9.8ರ ಮೇಲೆ 9 ಕೂರಿಸಿದರೆ ಸುತ್ತಲೂ 0.4 ಮಿ.ಮೀ. ಹಿತ್ತಾಳೆ ಅಂಚು ಹೊರಗೆ ಉಳಿಯುತ್ತೆ. ನೀನು ಸೈಡ್ ಹಾಕಿ ಹೊಡೆದ ದಿನ ಚೆಂಡಿಗೆ ಚರ್ಮದ ಬದಲು ಆ ಅಂಚು ತಾಗುತ್ತೆ. ಅಂಗಡಿಯಲ್ಲಿ 10 ಅಥವಾ 10.5 ಅಂತಲೇ ಕೇಳಿ ತಗೋ. ಅಂಟು ಒಣಗಿದ ಮೇಲೆ ಕ್ಯೂ ತಲೆಕೆಳಗು ಮಾಡಿ, ಟಿಪ್‌ನ ಮುಖವನ್ನು ಮರದ ಹಲಗೆ ಮೇಲೆ ಒತ್ತಿ ಹಿಡಿದು, ಹೊರಗೆ ಚಾಚಿದ್ದನ್ನು ಬ್ಲೇಡ್‌ನಲ್ಲಿ ಫೆರುಲ್ ಮಟ್ಟಕ್ಕೆ ಸವರು. ಎರಡು ಮೂರು ದಿನ ಆಡಿದರೆ ಹೊಸ ಟಿಪ್ ಅಣಬೆ ಥರ ಅಗಲವಾಗುತ್ತೆ, ಆಗ ಇನ್ನೊಮ್ಮೆ ಸವರಬೇಕು. ಎಲ್ಕ್ ಮಾಸ್ಟರ್‌ನಂಥ ಮೆತ್ತನೆ ಟಿಪ್ ಆದರೆ ಅಂಟಿಸೋ ಮುಂಚೆ ಒಂದು ರಾತ್ರಿ ವೈಸ್‌ನಲ್ಲಿ ಬಿಗಿದಿಡು, ಹರಡೋದು ಕಮ್ಮಿಯಾಗುತ್ತೆ.

ಇನ್ನು ಸೈಜಿನ ಮಾತು. ಸ್ನೂಕರ್‌ನಲ್ಲಿ 9ರಿಂದ 10ರ ಒಳಗೆ ಬಹಳ ಜನ ಆಡ್ತಾರೆ, 9.5 ನಡುಮಟ್ಟ. 9.8ರಿಂದ 9.5ಕ್ಕೆ ಇಳಿದರೆ ಒಂದೊಂದು ಬದಿಗೆ ಹೋಗೋದು 0.15 ಮಿ.ಮೀ. ಅಷ್ಟಕ್ಕೆ ದೂರದ ಪಾಟ್ (ಚೆಂಡನ್ನು ಪಾಕೆಟ್‌ಗೆ ಬೀಳಿಸೋದು) ತಪ್ಪೋಲ್ಲಪ್ಪ. ಚೆಂಡಿನ ಮೇಲೆ ಉಳಿಯೋ ಚಾಕ್ ಗುರುತು ನೋಡು: ಎರಡು ಮೂರು ಮಿ.ಮೀ. ಅಷ್ಟೇ ಇರುತ್ತೆ. ತಾಗೋ ಜಾಗವೇ ಅಷ್ಟು ಸಣ್ಣದು. ಹಾಗಾಗಿ ನಾನು ಅಗಲಕ್ಕಿಂತ ಗುಮ್ಮಟ ನೋಡ್ತೀನಿ. ಒಂದು ರೂಪಾಯಿ ನಾಣ್ಯದ ಅಂಚನ್ನು ಟಿಪ್ ಪಕ್ಕ ಹಿಡಿ, ಆ ಬಾಗು ಇದಕ್ಕೂ ಇರಲಿ. ಚಪ್ಪಟೆ ಟಿಪ್‌ನಲ್ಲಿ ಚೆಂಡಿನ ಕೆಳಭಾಗಕ್ಕೆ ಹೊಡೆದರೆ ಅಂಚು ತಾಗಿ ಜಾರುತ್ತೆ, ಹೊಳಪು ಬಂದಿದ್ದರೆ ಚಾಕ್ ಕೂಡ ನಿಲ್ಲೋಲ್ಲ. ನಿನ್ನ ಸ್ಕ್ರೂ ಅಲ್ಲೇ ಹೋಗ್ತಿದೆ.

ದೂರದ ಪಾಟ್ ಬೇರೆ ವಿಷಯ. ಪೂಲ್ ಚೆಂಡು 57.15 ಮಿ.ಮೀ., ಇದು 52.5. ಅಲ್ಲಿ ನಡುಬಿಂದುವಿನಿಂದ ಒಂದಿಷ್ಟು ತಪ್ಪಿದರೂ ನಡೀತಿತ್ತು. ಇಲ್ಲಿ ಚೆಂಡೂ ಚಿಕ್ಕದು, 12 ಅಡಿ ಟೇಬಲ್‌ನಲ್ಲಿ ಓಡೋ ದಾರಿಯೂ ಉದ್ದ. ಬ್ರೌನ್ ಸ್ಪಾಟ್ (ಬ್ರೌನ್ ಚೆಂಡಿಡೋ ಗುರುತು) ಮೇಲೆ ಬಿಳಿ ಚೆಂಡಿಡು. ನೀಲಿ, ಪಿಂಕ್, ಕಪ್ಪು ಸ್ಪಾಟ್‌ಗಳ ಮೇಲೆ ಹಾದುಹೋಗೋ ಹಾಗೆ ನೇರ ಹೊಡಿ. ಮೇಲಿನ ಕುಶನ್‌ಗೆ (ಎದುರು ತುದಿಯ ರಬ್ಬರ್ ಅಂಚಿಗೆ) ಬಡಿದು ವಾಪಸ್ ನಿನ್ನ ಟಿಪ್‌ಗೇ ಬರಬೇಕು. ಹತ್ತು ಸಲ ಹೊಡೆದು ಏನಾಯ್ತು ಬರಿ.

ಧಾರವಾಡದ_ಆಟಗಾರ

ಮಾರ್ಕರ್ ಸಾಹೇಬ್ರು ಹೇಳೋದು ಖರೆ ಅದ ರೀ. ನಾ ಹೋದ ವರ್ಷ 10 ಇದ್ದದ್ದನ್ನ 9ಕ್ಕ ಇಳಿಸಿದೆ. ಬರೇ ಫೆರುಲ್ ಬದಲಿಸಿದ್ರ ಆಗೂದಿಲ್ಲ, ಕಟ್ಟಿಗಿನೂ ಲೇತ್ ಮ್ಯಾಲೆ ಕಡೀಬೇಕಾತು. ಈಗ ಜೋರ್ ಹೊಡದ್ರ ತುದಿ ಬಳಕಲಿಕ್ಕೆ ಹತ್ತೇದ. ಕಡದ ಕಟ್ಟಿಗಿ ತಿರುಗಿ ಬರೂದಿಲ್ಲ. ಹತ್ತು ವರ್ಷ ನನ್ನ ಜೋಡಿ ಇದ್ದ ಕ್ಯೂ ರೀ ಅದು. ನೋಡಿದ್ರ ಇನ್ನೂ ಸಂಕಟ ಆಗ್ತದ.

ಮೈಸೂರು_ಬ್ರೌನ್

ಹಳೇ ಟಿಪ್‌ನಲ್ಲೇ ಹೊಡೆದು ನೋಡಿದೆ ಸರ್. ಹತ್ತರಲ್ಲಿ ಎಂಟು ಸಲ ಚೆಂಡು ಬಲಗಡೆಗೆ ಬಂತು, ಸುಮಾರು ಒಂದು ಗೇಣು. ಎರಡು ಸಲ ಮಾತ್ರ ನೇರ. ನನಗೆ ಗೊತ್ತಿಲ್ಲದೇ ಬಲ ಸೈಡ್ ಹಾಕ್ತಿದ್ದೀನಾ?

ಹಳೇ_ಮಾರ್ಕರ್

ಹೌದು ತಮ್ಮಾ. ಕುಶನ್‌ಗೆ ಬಡಿದು ಬಲಕ್ಕೆ ಬಂದರೆ ಬಲ ಸೈಡ್. 9 ಹಾಕಿದ್ದರೂ ಇದೇ ಆಗ್ತಿತ್ತು, ಇನ್ನೂ ಹೆಚ್ಚೇ ಆಗ್ತಿತ್ತೇನೋ. ಕೈ ಒಂದೇ ಬದಿಗೆ ತಪ್ತಿರೋದು ಒಳ್ಳೇ ಲಕ್ಷಣ, ತಿದ್ದೋದು ಸುಲಭ. ಹೊಡೆಯೋ ಮುಂಚೆ ಟಿಪ್ಪನ್ನು ಚೆಂಡಿನ ತೀರಾ ಹತ್ತಿರಕ್ಕೆ, ಆದರೆ ತಾಗದ ಹಾಗೆ ತಂದು ನಿಲ್ಲಿಸು. ಯಾರನ್ನಾದರೂ ಎದುರು ಕುಶನ್ ಹತ್ತಿರ ನಿಲ್ಲಿಸಿ, ಟಿಪ್ ಚೆಂಡಿನ ನಡುವೆ ಇದೆಯಾ ಅಂತ ನೋಡೋಕೆ ಹೇಳು. ನಿನ್ನ ಕಣ್ಣಿಗೆ ನಡು ಅನ್ನಿಸಿದ್ದು ಅವರಿಗೆ ಪಕ್ಕಕ್ಕೆ ಕಾಣುತ್ತೆ.

ಟಿಪ್ 10ರದ್ದು ತಂದು 9.8ಕ್ಕೆ ಸವರಿ, ಉಪ್ಪುಕಾಗದದಲ್ಲಿ ಗುಮ್ಮಟ ಮಾಡಿಕೋ. ಆಮೇಲೆ ಮೂರು ತಿಂಗಳು ಸೈಜ್ ಮುಟ್ಟಬೇಡ. ಆ 9ರ ಟಿಪ್‌ಗಳನ್ನು ಕೆಂಪು_15ಗೆ ಕೊಡು, ಅವರ ಫೆರುಲ್ 9 ಇದ್ದರೂ ಸವರಿ ಕೂರಿಸೋಕೆ ಬೇಕಾಗೋದು 9.5 ಅಂತ ಹೇಳಿಯೇ ಕೊಡು.